ನಗುವುದಕ್ಕೆ ಅಪ್ಪಣೆ ಕೊಟ್ಟ ಪಾರುಪತ್ಯಗಾರ

ಹೊನ್ನಗೆರೆ ಅಂತ ಒಂದು ಸೀಮೆ, ಅದಕ್ಕೊಬ್ಬ ರಾಜ. ರಾಜನ ಕೈಕೆಳಗೆ ಮರುಳಸಿದ್ಧಪ್ಪ ಅಂತ ಒಬ್ಬ ಪಾರುಪತ್ಯಗಾರ. ಊರಿನ ಆಡಳಿತವೆಲ್ಲ ಅವನದೇ. ಅವನ ಪೇಟ ದೊಡ್ಡದು, ಮನೆ ದೊಡ್ಡದು, ಗಂಟಲು ಅವೆರಡಕ್ಕಿಂತ ದೊಡ್ಡದು. ಅವನು ಮನೆಯಲ್ಲಿದ್ದರೆ ಹೆಂಡತಿ ಹಾಲಮ್ಮ ಅಡುಗೆಮನೆ ಬಿಟ್ಟು ಈಚೆ ಬರುತ್ತಿರಲಿಲ್ಲ, ಮಕ್ಕಳಿಬ್ಬರೂ ಅಟ್ಟ ಇಳಿಯುತ್ತಿರಲಿಲ್ಲ.

ಗೋಡೆಯಾಚೆ ಬುಟ್ಟಿ ಹೆಣೆಯುವ ಕೆಂಚಮ್ಮನ ಮನೆ. ಮಧ್ಯಾಹ್ನ ಉಂಡಾದ ಮೇಲೆ ಕೆಂಚಮ್ಮ, ಗಂಡ, ಅತ್ತೆ, ಮಕ್ಕಳು ಎಲ್ಲರೂ ಹಿತ್ತಲಿನ ಹೊಂಗೆ ಮರದಡಿ ಚಾಪೆ ಹಾಸಿ ಕೂರುತ್ತಿದ್ದರು. ಅಳಿಲು ಬಂದು ಅತ್ತೆಯ ಮಡಿಲಿನಿಂದ ಕಡಲೆಪುರಿ ಕದಿಯುತ್ತಿತ್ತು. ಗೊರವಂಕಗಳು ಮುಸುರೆ ನೀರಲ್ಲಿ ಮೀಯುತ್ತಿದ್ದವು. ಮುಂಗುಸಿಯೊಂದು ಯಜಮಾನನ ಹಾಗೆ ಹಿತ್ತಲನ್ನು ಸುತ್ತಿ ನೋಡಿಕೊಂಡು ಹೋಗುತ್ತಿತ್ತು. ಇವರು ನಗುತ್ತಿದ್ದರು.

ಆ ನಗು ಕೇಳಿದರೆ ಮರುಳಸಿದ್ಧಪ್ಪನಿಗೆ ಉಂಡದ್ದು ಅರಗುತ್ತಿರಲಿಲ್ಲ. ತನಗಿಲ್ಲದ ಸುಖ ಬುಟ್ಟಿಯವರಿಗೆ ಎಲ್ಲಿಂದ ಬಂತು ಎಂದು ಲೆಕ್ಕಾಚಾರ ಹಾಕಿದ. ಆ ಪ್ರಾಣಿಗಳಿಂದಲೇ ಇರಬೇಕು ಅನ್ನಿಸಿತು.

ಮೊದಲ ದಿನ ಅಪ್ಪಣೆಯಾಯಿತು, ಅಳಿಲು ಸರ್ಕಾರದ್ದು ಅಂತ. ಆಳುಗಳು ಹಿಡಿದು ತಂದರು. ನಗು ನಿಲ್ಲಲಿಲ್ಲ. ಎರಡನೆಯ ದಿನ ಗೊರವಂಕಗಳು ಸರ್ಕಾರದವಾದವು. ನಗು ಇಳಿಯಿತು, ನಿಲ್ಲಲಿಲ್ಲ. ಮೂರನೆಯ ದಿನ ಮುಂಗುಸಿಯೂ ಹೋಯಿತು. ಮುಂಗುಸಿ ಇಲ್ಲದ ಹಿತ್ತಲಿಗೆ ನಾಗರಹಾವು ಬಂತು. ಕೆಂಚಮ್ಮ ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಅವತ್ತು ನಗು ನಿಂತಿತು.

ಇತ್ತ ಮರುಳಸಿದ್ಧಪ್ಪ ತನ್ನ ಹಿತ್ತಲಲ್ಲಿ ಮೂರು ಪಂಜರ ಇಡಿಸಿ, ಹೆಂಡತಿ ಮಕ್ಕಳನ್ನು ಸಾಲಾಗಿ ಕೂರಿಸಿ ಕಾದ. ಒಬ್ಬರೂ ನಗಲಿಲ್ಲ. ಆದರೆ ಅಷ್ಟು ಹೊತ್ತಿಗೆ ಅವನು ರಾಜನ ಮುಂದೆ ಜಂಬ ಕೊಚ್ಚಿಯಾಗಿತ್ತು, ನಮ್ಮ ಹಿತ್ತಲಿನಂಥ ಆನಂದದ ಜಾಗ ಸೀಮೆಯಲ್ಲೇ ಇಲ್ಲ ಅಂತ. ಶುಕ್ರವಾರ ಬಂದು ನೋಡುತ್ತೇನೆ ಎಂದಿದ್ದ ರಾಜ. ಸರಿ, ಇನ್ನೊಂದು ಅಪ್ಪಣೆ ಹೊರಟಿತು: ಕೆಂಚಮ್ಮನ ಮನೆಯವರೆಲ್ಲ ಪಾರುಪತ್ಯಗಾರರ ಹಿತ್ತಲಿಗೆ ಬಂದು ನಗತಕ್ಕದ್ದು.

ಶುಕ್ರವಾರ ಮಧ್ಯಾಹ್ನ ರಾಜ ಬಂದು ಕೂತ. ಮರುಳಸಿದ್ಧಪ್ಪ ಕಣ್ಣು ಕೆಂಪಗೆ ಮಾಡಿ ನಗಲು ಹೇಳಿದ. ಕೆಂಚಮ್ಮನ ಮನೆಯವರು ನೆಲ ನೋಡಿದರು. ಯಾಕೆ ಎಂದು ರಾಜ ಕೇಳಿದ. ಕೆಂಚಮ್ಮ ಕೈಮುಗಿದು, ನಗು ಬರಬೇಕಾದರೆ ಮೂರು ಕೆಲಸ ಆಗಬೇಕು ಎಂದಳು. ಮೊದಲು ಪಂಜರದ ಬಾಗಿಲು ತೆಗೆಯಬೇಕು. ತೆಗೆದರು. ಆಮೇಲೆ ದೊಣ್ಣೆ ಹಿಡಿದ ಆಳುಗಳು ಆಚೆ ಹೋಗಬೇಕು. ಹೋದರು.

"ಮೂರನೆಯದು?"

"ಪಾರುಪತ್ಯಗಾರರು ಒಂದಿಷ್ಟು ಹೊತ್ತು ಬೀದಿಯಲ್ಲಿ ನಿಂತಿರಬೇಕು, ಮಹಾಸ್ವಾಮಿ."

ರಾಜ ಬಾಗಿಲ ಕಡೆ ಬೆರಳು ತೋರಿಸಿದ.

ಮರುಳಸಿದ್ಧಪ್ಪ ಉರಿಬಿಸಿಲಲ್ಲಿ ನಿಂತ. ಒಳಗೆ ಸದ್ದಿಲ್ಲ. ಈಗ ಸಿಕ್ಕಿಬಿದ್ದಳು ಎಂದು ಮೀಸೆ ತಿರುವಿದ. ಅಷ್ಟರಲ್ಲಿ ಒಂದು ಮಗು ಕಿಸಕ್ಕೆಂದಿತು. ಅಳಿಲು ರಾಜನ ಕಿರೀಟ ಹತ್ತಿ ಕೂತಿತ್ತಂತೆ. ಆಮೇಲೆ ಮಕ್ಕಳೆಲ್ಲ ನಕ್ಕರು, ರಾಜ ನಕ್ಕ. ಕೊನೆಗೆ ಒಬ್ಬ ಹೆಂಗಸು ತಡೆದೂ ತಡೆದೂ ತಡೆಯಲಾರದೆ ನಕ್ಕಳು. ಆ ದನಿ ಅವನಿಗೆ ಗುರುತು ಸಿಗಲಿಲ್ಲ. ಯಾರದು ಎಂದು ಬಾಗಿಲಲ್ಲಿದ್ದ ಆಳನ್ನು ಕೇಳಿದ.

"ನಮ್ಮ ಅಮ್ಮಾವರದ್ದು, ಬುದ್ಧಿ."

ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು. ಅವನ ಕೈ ಮೀಸೆಯಿಂದ ಕೆಳಗಿಳಿಯಿತು.

ರಾಜ ಕಣ್ಣೊರೆಸಿಕೊಳ್ಳುತ್ತ ಈಚೆ ಬಂದ. "ನೀನು ಹೊರಗೆ ಹೋದರಷ್ಟೇ ನಿನ್ನ ಮನೆ ಉಸಿರಾಡುತ್ತದಲ್ಲ, ಇನ್ನು ನನ್ನ ಊರಿನ ಪಾಡೇನು?" ಎಂದು ಅವನ ಅಧಿಕಾರದ ಮುದ್ರೆಯುಂಗುರ ಕಳಚಿಸಿಕೊಂಡ. ಪ್ರಾಣಿಗಳು ಯಾರ ಅಪ್ಪಣೆಗೂ ಕಾಯದೆ ಗೋಡೆ ದಾಟಿದವು.

ಈಗ ಮರುಳಸಿದ್ಧಪ್ಪನಿಗೆ ಮಧ್ಯಾಹ್ನವೆಲ್ಲ ಬಿಡುವು. ಬಾಯಿ ಮುಚ್ಚಿಕೊಂಡಿದ್ದರೆ ತಮ್ಮ ಹಿತ್ತಲಲ್ಲಿ ಹಾಸಿದ ಚಾಪೆಯ ತುದಿಯಲ್ಲಿ ಕೂರಬಹುದು ಎಂದಿದ್ದಾಳೆ ಹಾಲಮ್ಮ. ಮೊದಲ ದಿನವೇ ಅವನು ಒಂದು ಕಾಗೆಗೆ ನೆಟ್ಟಗೆ ಕೂರು ಎಂದು ಗದರಿದ. ಹಾಲಮ್ಮ ಮಕ್ಕಳನ್ನು ಕರೆದುಕೊಂಡು ಕೆಂಚಮ್ಮನ ಹಿತ್ತಲಿಗೆ ಹೋದಳು. ಅವನಿನ್ನೂ ಕಲಿಯುತ್ತಿದ್ದಾನೆ.

ತಿಳೀತೇನ್ರೋ ಮಕ್ಕಳೇ? ಇನ್ನೊಬ್ಬರ ನೆಮ್ಮದಿಯನ್ನು ಕಿತ್ತು ತಂದರೆ ಅದು ನಮ್ಮದಾಗುವುದಿಲ್ಲ. ಮನೆಯವರು ನಮಗೆ ಹೆದರುವುದು ಬಿಟ್ಟ ದಿನ, ಅದು ಕರೆಯದೆಯೇ ಬರುತ್ತದೆ.