ಕಂಬಳಿ ಜೇಡ ಬಾಗಿಲು ಮುಚ್ಚಿಕೊಂಡದ್ದು

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಗುಡ್ಡಗಳು ಎಲ್ಲಿ ಕೂರಬೇಕೆಂದು ಆಗಷ್ಟೇ ಜಾಗ ನೋಡುತ್ತಿದ್ದವು. ಹಳ್ಳ ಮಾತಾಡುತ್ತಿತ್ತು, ಗಾಳಿ ಚಾಡಿ ಹೇಳುತ್ತಿತ್ತು, ಜೇಡಕ್ಕೂ ಬಾಯಿತುಂಬ ಮಾತಿತ್ತು.

ಆ ಹಳ್ಳದ ದಂಡೆಯಲ್ಲಿ ಮಾಳವ್ವ ಎಂಬ ಕುಂಬಾರಗಿತ್ತಿ ಇದ್ದಳು. ಕೈ ದೊಡ್ಡದು, ಮನಸ್ಸು ದೊಡ್ಡದು, ಕಿವಿ ಮಾತ್ರ ಸ್ವಲ್ಪ ಚಿಕ್ಕದು. ಬಂದವರನ್ನು ಉಣ್ಣಿಸದೆ ಕಳಿಸುತ್ತಿರಲಿಲ್ಲ. ‘ಸಾಕು’ ಎಂದವರ ತಟ್ಟೆಗೆ ಇನ್ನೊಂದು ರೊಟ್ಟಿ. ‘ಬೇಡವೇ ಬೇಡ’ ಎಂದು ಕೈ ಅಡ್ಡ ಹಿಡಿದವರಿಗೆ ಬೆರಳ ಸಂದಿಯಿಂದಲೇ ತುಪ್ಪ. ಮೊದಲ ಸಲ ಬೇಡ ಅನ್ನುವುದು ನಾಚಿಕೆ, ಎರಡನೆಯ ಸಲ ಮರ್ಯಾದೆ, ಮೂರನೆಯ ಸಲ ಬಡಿಸುವವಳ ಪರೀಕ್ಷೆ ಎಂದು ಅವಳ ಅವ್ವ ಕಲಿಸಿದ್ದಳು.

ಒಂದು ದಿನ ಗಾಳಿ ಅವಳ ಬಾಗಿಲಿಗೆ ಅಂಗೈ ಅಗಲದ ಜೇಡವೊಂದನ್ನು ತಂದು ಬಿಟ್ಟಿತು. ಮೈತುಂಬ ಕಂದು ರೋಮ, ಎಂಟು ದಪ್ಪ ಕಾಲು.

“ಇಕಿಗೆ ಮನಿ ಇಲ್ಲ ಮಾಳವ್ವಾ. ಬಯಲಾಗ ಮಲಗತಾಳ. ನಾ ಬೀಸಿದರ ಉರುಳಿ ಹೋಗತಾಳ,” ಎಂದಿತು ಗಾಳಿ.

“ಅಯ್ಯ ನನ ಕೂಸೇ! ಕಂಬಳಿ ಹೊದ್ದಕೊಂಡೇ ಹುಟ್ಟೀಯಲ್ಲ!” ಎಂದು ಮಾಳವ್ವ ಅಂಗೈ ಚಾಚಿದಳು. ಜೇಡ ಒಂದೊಂದೇ ಕಾಲಿಟ್ಟು ಅಂಗೈಗೆ ಹತ್ತಿತು. ಅಂದಿನಿಂದ ಅದರ ಹೆಸರು ಕಂಬಳಿ.

ಮಾಳವ್ವ ಕಂಬಳಿಗಾಗಿ ಎತ್ತರದ ಗಡಿಗೆ ಮಾಡಿದಳು.

“ಅವ್ವಾ, ಎತ್ತರ ಬ್ಯಾಡ. ನನ್ನ ಹೊಟ್ಟಿ ಮೆತ್ತಗ ಐತಿ. ಬಿದ್ದರ ಒಡೀತೈತಿ,” ಎಂದಳು ಕಂಬಳಿ.

ಪಾಪ, ಸಂಕೋಚ ಎಂದುಕೊಂಡ ಮಾಳವ್ವ ಇನ್ನೂ ಒಂದು ಗೇಣು ಎತ್ತರಿಸಿದಳು. ಕಂಬಳಿ ಅದರ ಗೋಡೆ ಹತ್ತಿ, ಜಾರಿ, ಒಂದೇ ಕಾಲಿನಲ್ಲಿ ನೇತಾಡಿದ ಮೇಲೆ ಅಗಲ ಬಾಯಿಯ ಗಿಡ್ಡ ಮಡಕೆ ಬಂತು. ಮುಕ್ಕಾಲು ಭಾಗ ಮಣ್ಣು ತುಂಬಿ, ಗಡಿಗೆಯ ಒಡಕು ಚೂರಿನಲ್ಲಿ ನೀರಿಟ್ಟು, ಉಸಿರಾಡಲು ತೂತಿದ್ದ ಮುಚ್ಚಳ ಮುಚ್ಚಿದಳು.

“ಎಂಟು ದಿನಕ್ಕೊಂದು ಮಿಡತಿ ಸಾಕವ್ವಾ.”

“ಎಂಟು ದಿನಕ್ಕೊಂದಾ? ನಾ ದಿನಾ ಮೂರು ಹೊತ್ತು ಉಣತೀನಿ!”

ಹೀಗೆ ಮಾಳವ್ವ ಜೇಡದ ಹಸಿವನ್ನು ತನ್ನ ಹೊಟ್ಟೆಯಿಂದ ಅಳೆದಳು. ಕಂಬಳಿಯ ಹೊಟ್ಟೆ ಬದನೆಕಾಯಿಯಾಯಿತು.

ಆದರೂ ಒಬ್ಬರೆಂದರೆ ಇನ್ನೊಬ್ಬರಿಗೆ ಜೀವ. ಮಾಳವ್ವ ತಿಗರಿ ತಿರುಗಿಸುವಾಗ ಕಂಬಳಿ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದಳು. ಕಂಬಳಿ ನೆಲದ ಸದ್ದು ಕೇಳುವುದು ಪಾದದಿಂದ. “ಅವ್ವಾ, ಗುಡ್ಡ ಇವತ್ತು ಎರಡು ಬೆರಳು ಸರೀತು. ಇರುವಿಗಳು ಮನಿ ಬದಲಿ ಮಾಡಾಕತ್ತಾವ,” ಎನ್ನುತ್ತಿದ್ದಳು. ಮಾಳವ್ವ ನಗುತ್ತಿದ್ದಳು. ಅಷ್ಟು ಸುಖದ ದಿನಗಳನ್ನು ಅವಳು ಮತ್ತೆ ಕಾಣಲಿಲ್ಲ.

ಒಂದು ದಿನ ಕಂಬಳಿಯ ಮೈ ಮಂಕಾಯಿತು. ಮಿಡತೆ ಹಾಕಿದರೆ ಹಿಂದೆ ಸರಿದಳು.

“ಬ್ಯಾಡವ್ವಾ.”

ಎಂಟು ದಿನ ಕಳೆಯಿತು. “ಬ್ಯಾಡವ್ವಾ.”

ಹದಿನಾರು ದಿನ ಕಳೆಯಿತು. “ಬ್ಯಾಡವ್ವಾ, ಈಗ ಬ್ಯಾಡ. ನಾ ಹೊಸಬಳಾದ ಮ್ಯಾಲ ತಿಂತೀನಿ.”

ಮಾಳವ್ವನಿಗೆ ಅರ್ಥವಾಗಲಿಲ್ಲ. ಹಳ್ಳಕ್ಕೆ ನೀರಿಗೆ ಹೋದಾಗ ಕಣ್ಣೀರಿಟ್ಟಳು. ಹಳ್ಳ ಹೇಳಿತು, “ಬ್ಯಾಡ ಅಂದರ ಬ್ಯಾಡ ತಂಗಿ. ನಾನೂ ಬ್ಯಾಸಗಿಯೊಳಗ ಹರಿಯೂದು ಬಿಟ್ಟು ಮಲಗತೀನಿ. ನನಗ ಯಾರರ ನೀರು ಕುಡಸಾಕ ಬರತಾರೇನು?”

ಮಾಳವ್ವ ಕೇಳಿಸಿಕೊಂಡಳು. ಆದರೆ ಕೊಡ ತುಂಬುವಷ್ಟರಲ್ಲಿ ಮರೆತಳು.

ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಕಂಬಳಿ ಅಂಗಾತ ಬಿದ್ದಿದ್ದಳು. ಎಂಟೂ ಕಾಲು ಮೇಲೆ, ಮಾತಿಲ್ಲ, ಅಲುಗಾಟವಿಲ್ಲ.

“ಉಪವಾಸ ಬಿದ್ದು ಸಾಯಾಕತ್ತೀಯಲ್ಲ ನನ ಕೂಸೇ! ಕೇಳಿ ಕೇಳಿ ಕೆಟ್ಟೆ. ಇನ್ನ ಕೇಳೂದಿಲ್ಲ,” ಎಂದು ಮಾಳವ್ವ ದಪ್ಪನೆಯ ಮಿಡತೆಯೊಂದನ್ನು ಹಿಡಿದು ತಂದು ಒಳಗೆ ಬಿಟ್ಟಳು. ಏಳಲಿ, ತಿನ್ನಲಿ, ನಾನು ನೋಡುತ್ತಿದ್ದರೆ ನಾಚಿಕೊಂಡಾಳು ಎಂದು ಮುಚ್ಚಳ ಮುಚ್ಚಿ ಆವಿಗೆಯ ಬೆಂಕಿಯಲ್ಲಿ ಮಡಕೆ ಸುಡಲು ಹೋದಳು.

ಕಂಬಳಿ ಸಾಯುತ್ತಿರಲಿಲ್ಲ. ಪೊರೆ ಬಿಡುತ್ತಿದ್ದಳು. ಹಳೆಯ ಮೈಯಿಂದ ಹೊಸ ಮೈಯನ್ನು ಎಳೆದುಕೊಳ್ಳುವ ಹೊತ್ತಿನಲ್ಲಿ ಜೇಡ ಅಂಗಾತ ಮಲಗುತ್ತದೆ. ಹೊಸ ಮೈ ಹಾಲಿನ ಕೆನೆಯಷ್ಟು ಮೆದು, ಹಲ್ಲೂ ಮೆದು. ಒಂದು ಮಿಡತೆ ಬಂದರೂ ತಡೆಯುವ ಶಕ್ತಿ ಇರುವುದಿಲ್ಲ.

ಮಧ್ಯಾಹ್ನ ಮಾಳವ್ವ ಬಂದು ನೋಡಿದಳು. ಮಡಕೆಯಲ್ಲಿ ಹಳೆಯ ಪೊರೆ ಬಿದ್ದಿತ್ತು. ಅದರ ಪಕ್ಕದಲ್ಲಿ ಬೆಳ್ಳಗಿನ ಹೊಸ ಕಂಬಳಿ ನಡುಗುತ್ತಿದ್ದಳು. ಮಿಡತೆ ಅವಳ ಒಂದು ಕಾಲನ್ನು ಬುಡದವರೆಗೆ ತಿಂದು ಮುಗಿಸಿತ್ತು.

“ಏ ಪಾಪಿ!” ಎಂದು ಮಾಳವ್ವ ಮಿಡತೆಯನ್ನು ಕಿತ್ತು ತೆಗೆದಳು.

“ನನಗ್ಯಾಕ ಬೈತೀ? ನೀನೇ ಒಳಗ ಹಾಕಿದಿ, ನೀನೇ ಮುಚ್ಚಳ ಮುಚ್ಚಿದಿ. ನನಗೂ ಹಸಿವಾತು,” ಎಂದಿತು ಮಿಡತೆ.

ಅದರ ಮಾತಿನಲ್ಲಿ ತಪ್ಪಿರಲಿಲ್ಲ. ಮಾಳವ್ವನಿಗೆ ತನ್ನ ಕೈಗಳ ಮೇಲೆಯೇ ಹೇಸಿಗೆಯಾಯಿತು.

ಕಂಬಳಿ ಬೈಯಲಿಲ್ಲ. ಮೆಲ್ಲಗೆ ಹೇಳಿದಳು, “ಅವ್ವಾ, ನಾ ಬ್ಯಾಡ ಅಂದಿದ್ದೆ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಾಳವ್ವ ಮಡಕೆಯ ಮುಂದೆ ಕೂತು ಅತ್ತಳು. ಕಂಬಳಿಯ ಮೈ ಗಟ್ಟಿಯಾಗುವ ತನಕ ಏನನ್ನೂ ಒಳಗೆ ಹಾಕಲಿಲ್ಲ, ನೀರೊಂದನ್ನು ಬಿಟ್ಟು; ಮುಚ್ಚಳವನ್ನೂ ಮುಚ್ಚಲಿಲ್ಲ. ಹತ್ತನೆಯ ದಿನ ಕಂಬಳಿ ಮಡಕೆಯಂಚು ದಾಟಿ ಹೊರಬಂದಳು. ಹಳ್ಳದ ದಂಡೆಯಲ್ಲಿ ನೆಲ ತೋಡತೊಡಗಿದಳು.

“ಸಿಟ್ಟು ಬಂತೇನ ಕೂಸೇ?”

“ಇಲ್ಲವ್ವಾ. ನೀ ಪ್ರೀತಿ ಮಾಡಿದಿ, ನನಗ ಗೊತ್ತೈತಿ. ಆದರ ನನ್ನ ಮಾತು ನಿನ್ನ ಕಿವಿಗೆ ಮುಟ್ಟಲಿಲ್ಲ. ಮುಟ್ಟದ ಮಾತು ಇಟ್ಟಕೊಂಡು ಏನ ಮಾಡಲಿ? ಇನ್ನ ಮ್ಯಾಲ ಬ್ಯಾಡ ಅನ್ನೂದನ್ನ ಕಣ್ಣಿಗೆ ಕಾಣೂ ಹಂಗ ಹೇಳತೀನಿ.”

ಅದೇ ಅವಳ ಕೊನೆಯ ಮಾತು. ಬಿಲದೊಳಗೆ ಇಳಿದು, ತನ್ನ ನೂಲಿನಿಂದ ಬಿಲದ ಬಾಯಿಗೆ ಬಿಳಿಯ ಪರದೆ ನೇಯ್ದುಕೊಂಡಳು.

ಮಾಳವ್ವ ಮಡಕೆಯಲ್ಲಿದ್ದ ಪೊರೆಯನ್ನು ಅಂಗೈಯಲ್ಲಿಟ್ಟು ನೋಡಿದಳು. ಅದಕ್ಕೆ ಎಂಟೂ ಕಾಲಿದ್ದವು.

ಆಮೇಲೆ ಅವಳು ದಿನವೂ ಬಿಲದ ಹತ್ತಿರ ಹೋಗಿ ಕೂರುತ್ತಿದ್ದಳು. ಬಾಗಿಲು ತೆರೆದಿದ್ದರೆ ದೂರದಲ್ಲೊಂದು ಮಿಡತೆ ಬಿಡುತ್ತಿದ್ದಳು; ಪರದೆ ಇದ್ದರೆ ಹಾಗೇ ಎದ್ದು ಬರುತ್ತಿದ್ದಳು. ಹೋದ ಕಾಲು ಮುಂದೆ ಪೊರೆ ಬಿಟ್ಟಾಗಲೆಲ್ಲ ಚೂರು ಚೂರೇ ಚಿಗುರಿ ಬಂತು. ಮಾತು ಮಾತ್ರ ಬರಲಿಲ್ಲ.

ಅದಕ್ಕೇ ಮಕ್ಕಳೇ, ಹೊಲದ ಬದುವಿನ ಬಿಲದಲ್ಲಾಗಲಿ, ಯಾರೋ ಗಾಜಿನ ಪೆಟ್ಟಿಗೆಯಲ್ಲಿ ಮಣ್ಣು ಹಾಕಿ ಸಾಕಿದ ಕಡೆಯಲ್ಲಾಗಲಿ, ದೊಡ್ಡ ರೋಮದ ಜೇಡ ಪೊರೆ ಬಿಡುವ ಮುಂಚೆ ಊಟ ಬಿಟ್ಟು, ಬಾಗಿಲಿಗೆ ಬಿಳಿಯ ಪರದೆ ನೇಯ್ದುಕೊಂಡು ಒಳಗಿರುತ್ತದೆ. ಕಡ್ಡಿ ಹಾಕಿ ಕೆದಕಬೇಡಿ, ಅದು ‘ಬ್ಯಾಡವ್ವಾ’ ಎನ್ನುತ್ತಿದೆ.