ಕೆರೆಗೆ ಓಡಿಬಂದ ಹೊಲ

ಗದ್ದಲ ಬೇಡ, ಹತ್ತಿರ ಬನ್ನಿ. ಬಿಸಿಲು ಬಿಟ್ಟರೆ ಬೇರೇನೂ ಧಾರಾಳವಾಗಿ ಸಿಗದ ಬಯಲುಸೀಮೆಯಲ್ಲಿ ಒಂದು ರಾಜ್ಯ. ಅದಕ್ಕೊಬ್ಬ ದೊರೆ, ಮಲಿಯಪ್ಪನಾಯಕ. ಒಳ್ಳೆಯವನೇ. ಆದರೆ ಯಾರಾದರೂ ಹೊಗಳಿದರೆ ಸಾಕು, ಕಿವಿ ತೆರೆದು ಬುದ್ಧಿ ಮುಚ್ಚಿಬಿಡೋನು. ಅವನ ರಾಣಿ ದ್ಯಾಮಾಜಮ್ಮ. ಅವಳಿಗೆ ಬುದ್ಧಿ ಜಾಸ್ತಿ, ತಾಳ್ಮೆ ಕಮ್ಮಿ. ಇಬ್ಬರ ನಡುವೆ ಪ್ರಧಾನಿ ಕೊಂಡಪ್ಪಯ್ಯ. ಅವನಿಗಿದ್ದ ಆಸ್ತಿ ನಾಲಿಗೆ ಒಂದೇ. ಅದರಲ್ಲೇ ಮನೆ ಕಟ್ಟಿದ್ದ, ಮಾಳಿಗೆಯನ್ನೂ ಏರಿಸಿದ್ದ.

ಊರ ಮೇಲೆ ಗುಡ್ಡ, ಗುಡ್ಡದ ಕೆಳಗೆ ಹೊಲ, ಹೊಲದ ಕೆಳಗೆ ಕೆರೆ. ಮೊದಲೆಲ್ಲ ಆ ಸೀಮೆಯ ಮಳೆ ಬಲು ಸಾಧು. ಜಿನುಗುತ್ತಾ ಬರೋದು. ಗುಡ್ಡದ ಹುಲ್ಲು ಕುಡಿಯೋದು, ಹೊಲ ಕುಡಿಯೋದು, ಮಿಕ್ಕಿದ್ದು ತಿಳಿಯಾಗಿ ಕೆರೆಗೆ ಇಳಿಯೋದು. ಆಮೇಲೆ ಐವತ್ತಾರು ದೇಶದವರೂ ಕಾಡು ಕಡಿದು, ಕುಲುಮೆ ಉರಿಸಿ, ಹೊಗೆ ಎಬ್ಬಿಸಿ ಆಕಾಶಕ್ಕೇ ಜ್ವರ ಬರಿಸಿದರು. ಜ್ವರ ಬಂದವರು ನೆಟ್ಟಗಿರುತ್ತಾರಾ? ಮಳೆಯ ನಡತೆ ಕೆಟ್ಟಿತು. ತಿಂಗಳುಗಟ್ಟಲೆ ಮುಖ ತೋರಿಸದು. ಬಂದರೆ ವರ್ಷದ್ದನ್ನೆಲ್ಲ ಒಂದೇ ಏಟಿಗೆ ಸುರಿದು ಹೋಗೋದು.

ಕೊಂಡಪ್ಪಯ್ಯನದೂ ಒಂದು ಕುಲುಮೆ ಇತ್ತು. ಅದಕ್ಕೆ ಇದ್ದಿಲು ಬೇಕಲ್ಲ, ಗುಡ್ಡದ ಕುರುಚಲು ಗಿಡಗಳನ್ನೆಲ್ಲ ಕಡಿಸಿದ. ಬೇರನ್ನೂ ಬಿಡಲಿಲ್ಲ. ಗುಡ್ಡ ಅವನ ತಲೆಯ ಹಾಗೇ ಬೋಳಾಯಿತು.

ಮಳೆ ಬಂತು. ಬೋಳು ಗುಡ್ಡದ ಮೇಲೆ ನೀರು ನಿಲ್ಲೋದಾದರೂ ಎಲ್ಲಿ? ಧಡಧಡ ಇಳಿಯಿತು. ಮಧ್ಯಾಹ್ನ ಒಣಗಿದ್ದ ಕೆರೆ ಸಂಜೆಗೆ ಕೋಡಿ ಬಿತ್ತು.

“ನೋಡಿದಿರಾ ಬುದ್ಧಿ!” ಅಂದ ಪ್ರಧಾನಿ. “ತಮ್ಮ ತಾತನವರ ಕಾಲದಲ್ಲಿ ಕೆರೆ ತುಂಬೋಕೆ ಮಳೆಗಾಲವೆಲ್ಲ ಬೇಕಿತ್ತು. ತಮ್ಮ ಪ್ರತಾಪಕ್ಕೆ ಒಂದು ಹೊತ್ತು ಸಾಕು. ಅಡ್ಡ ಇದ್ದ ಗಿಡ ತೆಗೆಸಿದ್ದು ಮಾತ್ರ ನಾನು.”

ದೊರೆ ಶಾಲು ಹೊದಿಸಿದ. ಆದರೆ ಯುಗಾದಿವರೆಗೂ ಇರಬೇಕಾಗಿದ್ದ ನೀರು ಸಂಕ್ರಾಂತಿಗೇ ಮುಗಿಯಿತು.

“ಎಮ್ಮೆಗಳು ಕುಡಿದವು ಬುದ್ಧಿ,” ಅಂದ ಪ್ರಧಾನಿ. ದೊರೆ ಎಮ್ಮೆಗಳಿಗೆ ಕೆರೆ ನಿಷೇಧಿಸಿದ.

ಮರುವರ್ಷ ಕೆರೆ ಮತ್ತೆ ಒಂದು ಹೊತ್ತಿಗೆ ತುಂಬಿತು. ದೊರೆ ಕುದುರೆ ಕೊಟ್ಟ. ನೀರು ದೀಪಾವಳಿಗೇ ಮುಗಿಯಿತು. “ಹೆಂಗಸರ ಕೊಡ ತೀರಾ ದೊಡ್ಡವು ಬುದ್ಧಿ.” ದೊರೆ ಕೊಡಗಳನ್ನು ಕಸಿದು ಚೊಂಬು ಹಂಚಿಸಿದ.

ಅದರ ಮುಂದಿನ ವರ್ಷವೂ ತುಂಬಿತು. ಪ್ರಧಾನಿಗೆ ಪಲ್ಲಕ್ಕಿ ಬಂತು. ನೀರು ಮಹಾನವಮಿವರೆಗೂ ಉಳಿಯಲಿಲ್ಲ. “ಸೂರ್ಯ ಕುಡೀತಾನೆ ಬುದ್ಧಿ!” ಸೂರ್ಯನನ್ನು ಹಿಡಿದು ತರೋಕೆ ಆಗುತ್ತಾ? ಊರಿನ ಚಾಪೆಗಳನ್ನೆಲ್ಲ ತರಿಸಿ ಕೆರೆಗೆ ಚಪ್ಪರ ಹಾಕಿಸಿದರು. ಗಾಳಿ ಬೀಸಿತು. ಚಾಪೆಗಳು ಪಕ್ಕದ ರಾಜ್ಯ ಸೇರಿದವು. ಜನ ಬರಿ ನೆಲದ ಮೇಲೆ ಮಲಗಿದರು.

ನಾಲ್ಕನೇ ವರ್ಷದ ಮಳೆ ಬಿದ್ದ ಮರುದಿನ ಗಾದ್ರಮ್ಮ ಅನ್ನೋ ಮುದುಕಿ ಆಸ್ಥಾನಕ್ಕೆ ನುಗ್ಗಿದಳು. ಗುಡ್ಡದ ಬುಡದಲ್ಲಿ ಅವಳ ಹೊಲ. ಸೊಂಟದವರೆಗೆ ಕೆಸರು, ಕೈಯಲ್ಲಿ ಗುದ್ದಲಿ.

“ದೊರೆ, ನನ್ನ ಹೊಲ ಓಡಿಹೋಗಿದೆ.”

ಆಸ್ಥಾನ ಘೊಳ್ಳೆಂದಿತು. “ಯಾರ ಜೊತೆ ಅವ್ವಾ?” ಅಂದ ಪ್ರಧಾನಿ.

“ನಿನ್ನ ನೀರಿನ ಜೊತೆ ಕಣಪ್ಪ. ಸಜ್ಜೆ ಪೈರಿನ ಸಮೇತ ಹೋಗಿ ಈ ಅರಮನೆ ಕೆರೆಯಲ್ಲಿ ಮಲಗಿದೆ. ಅದಿದ್ದ ಜಾಗದಲ್ಲಿ ಬಂಡೆ ಬಿದ್ದಿದೆ, ಕೊರಕಲು ಬಿದ್ದಿದೆ. ಆ ಕೊರಕಲಿಗೆ ನನ್ನ ಎತ್ತು ಬಿದ್ದು ಕಾಲು ಮುರೀತು. ನಮ್ಮ ಕೇರಿಯವರೆಲ್ಲ ಊರು ಬಿಡೋಕೆ ಗಂಟು ಕಟ್ಟಿದ್ದಾರೆ. ನನ್ನ ಹೊಲ ನನಗೆ ಕೊಡಿ, ಹೊತ್ಕೊಂಡು ಹೋಗ್ತೀನಿ.”

ದೊರೆ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕ. ದ್ಯಾಮಾಜಮ್ಮ ನಗಲಿಲ್ಲ. ಕೆಂಪಗೆ ತುಂಬಿದ ಕೆರೆಯನ್ನು ಉಪ್ಪರಿಗೆಯಿಂದ ನೋಡಿ ಅವಳೂ ಮೂರು ವರ್ಷ ಹಿಗ್ಗಿದ್ದಳು. ಆ ಕೆಂಪು ಯಾರದ್ದು ಅಂತ ಒಂದು ದಿನವೂ ಕೇಳಿರಲಿಲ್ಲ.

“ಪ್ರಧಾನಿಗಳೇ, ಕೆರೆ ಈಗ ಎಷ್ಟು ಆಳ?” ಅಂದಳು.

“ಮೂರಾಳು ಆಳ ಅಮ್ಮಾವ್ರೆ! ಆನೆ ಇಳಿದರೂ ಕಾಣಲ್ಲ.”

ಆವತ್ತೇ ರಾಣಿ ಗಾದ್ರಮ್ಮನನ್ನು ಕರೆದುಕೊಂಡು ಕೆರೆ ಏರಿಗೆ ಹೋದಳು. ಉದ್ದನೆಯ ಬಿದಿರು ಇಳಿಬಿಟ್ಟಳು. ಒಂದು ಮೊಳ ನೀರು. ಆಮೇಲೆ ಬಿದಿರು ರಾಗಿ ಅಂಬಲಿಗೆ ಇಳಿದ ಹಾಗೆ ಮೆತ್ತಗೆ ಇಳೀತಾ ಹೋಯಿತು. ಎಳೆದು ನೋಡಿದರೆ ಬುಡದಿಂದ ತುದಿವರೆಗೂ ಹೂಳು. ಗಾದ್ರಮ್ಮ ಚಿಟಿಕೆ ಮಣ್ಣು ತೆಗೆದು ಮೂಸಿ ಅಂದಳು: “ನಮ್ಮದೇ ಅವ್ವಾ.” ಅಷ್ಟು ಹೊತ್ತು ಜಗಳಕ್ಕೆ ನಿಂತ ಹಾಗಿದ್ದವಳು ಏರಿಯ ಮೇಲೆ ಕೂತು ಅತ್ತಳು.

ರಾಣಿ ಅರಮನೆಗೆ ಬಂದು, “ಏನ್ರೀ, ಕೆರೆಯಲ್ಲಿ ತುಂಬಿರೋದು ಮಣ್ಣು, ನೀರಲ್ಲ. ಬಿದಿರು ಇಳಿಸಿ ನೋಡಿದೆ,” ಅಂದಳು.

“ಪ್ರಧಾನಿ ಮೂರಾಳು ಅಂದಿದ್ದಾನೆ ಕಣೆ,” ಅಂದ ದೊರೆ ಹೋಳಿಗೆ ಮುರಿಯುತ್ತಾ. “ನಿನ್ನ ಬಿದಿರೇ ಗಿಡ್ಡ ಇರಬೇಕು.”

ಈ ಮನುಷ್ಯನಿಗೆ ಬಿದಿರಿನ ಮಾತು ತಾಗೋದಿಲ್ಲ, ಪ್ರಧಾನಿಯ ಬಾಯಿಂದಲೇ ಬರಬೇಕು ಅಂತ ರಾಣಿಗೆ ಗೊತ್ತಾಯಿತು.

ವಾರ ಕಳೆದು ಕೆರೆ ಏರಿಯ ಮೇಲೆ ಪ್ರಧಾನಿಗೆ ‘ಅಭಿನವ ಭಗೀರಥ’ ಅನ್ನೋ ಬಿರುದು ಕೊಡೋ ಸಮಾರಂಭ. ಊರೆಲ್ಲ ಸೇರಿತ್ತು. ದೊರೆ ಹಾರ ಎತ್ತಿದ. ರಾಣಿ ಅವನ ಕೈ ಹಿಡಿದಳು.

“ದೊರೆಗಳೇ, ಶಾಸ್ತ್ರ ಒಂದು ಬಾಕಿ ಇದೆ. ಕೆರೆ ತುಂಬಿಸಿದವರು ನಟ್ಟನಡುವೆ ಮುಳುಗಿ ಗಂಗಮ್ಮನಿಗೆ ಕೈ ಮುಗಿದು ಬರಬೇಕು. ಜಟ್ಟಿಗಳು ಎತ್ತಿ ಎಸೀತಾರೆ.”

ಅಂಥ ಶಾಸ್ತ್ರ ಎಲ್ಲಿಯೂ ಇರಲಿಲ್ಲ. ಹಾಗಂತ ಹೇಳೋ ಧೈರ್ಯ ಪುರೋಹಿತರಿಗೂ ಇರಲಿಲ್ಲ.

“ಆಗಲಿ, ಆಗಲಿ!” ಅಂದ ದೊರೆ.

“ನನಗೆ ನೆಗಡಿ ಬುದ್ಧಿ,” ಅಂದ ಕೊಂಡಪ್ಪಯ್ಯ. ಜಟ್ಟಿಗಳು ಅವನ ಕೈ ಹಿಡಿದರು. “ಇವತ್ತು ಗಳಿಗೆ ಸರಿಯಿಲ್ಲ ಬುದ್ಧಿ!” ಕಾಲು ಹಿಡಿದರು. “ಈಜು ಬರಲ್ಲ ಬುದ್ಧಿ!” ಮೇಲೆತ್ತಿದರು.

“ಈಜು ಬರದವರು ಮೂರಾಳು ನೀರಿಗೆ ಬಿದ್ದರೆ ನೇರ ಸ್ವರ್ಗ,” ಅಂದಳು ರಾಣಿ. “ಚಿಂತೆ ಬೇಡ. ಬಿರುದನ್ನು ನಿಮ್ಮ ಹೆಂಡತಿ ಕೈಗೆ ಕೊಡ್ತೀವಿ.”

ಜಟ್ಟಿಗಳು ಒಂದು ಸಲ ತೂಗಿದರು. ಎರಡು ಸಲ ತೂಗಿದರು.

“ಬೇಡ್ರಪ್ಪೋ! ಮೂರಾಳು ಇಲ್ಲ! ಮೊಣಕಾಲುದ್ದ ನೀರು, ಕೆಳಗೆಲ್ಲ ಹೂಳು! ಎಸೆದರೆ ಹೂತೇ ಹೋಗ್ತೀನಿ!”

ರಾಣಿ ಕೈ ಎತ್ತಿ ಜಟ್ಟಿಗಳನ್ನು ತಡೆದಳು.

“ಹೂಳು ಎಲ್ಲಿಂದ ಬಂತು?”

“ಗುಡ್ಡದಿಂದ ಅಮ್ಮಾವ್ರೆ. ಗಾದ್ರಮ್ಮನ ಹೊಲದಿಂದ.”

“ನಿಮಗೆ ಹೇಗೆ ಗೊತ್ತು?”

“ಬೇಸಿಗೇಲಿ ನನ್ನ ಇದ್ದಿಲು ಗಾಡಿ ಕೆರೆ ಅಂಗಳದಲ್ಲೇ ಓಡಾಡೋದು. ಮೊದಲು ತಗ್ಗಿತ್ತು. ಈಗ ಬೀದಿ ಹಾಗಿದೆ.”

ದೊರೆಯ ಕೈಯಿಂದ ಹಾರ ಜಾರಿತು. ಅವನು ಮೆಲ್ಲಗೆ ಕೇಳಿದ: “ಹಾಗಾದರೆ... ಎಮ್ಮೆಗಳು ಕುಡಿದಿದ್ದಲ್ವಾ?”

“ಅಲ್ಲ ದೊರೆಗಳೇ. ಕ್ಷಮೆ ಕೇಳೋದಿದ್ದರೆ ಅಲ್ಲಿಂದಲೇ ಶುರು ಮಾಡಿ,” ಅಂದಳು ದ್ಯಾಮಾಜಮ್ಮ.

ಪ್ರಧಾನಿಯ ಪಟ್ಟ ಹೋಯಿತು. ಬೇಸಿಗೆ ಪೂರ್ತಿ ಅವನು ಕೆರೆಯ ಹೂಳನ್ನು ಬುಟ್ಟಿಯಲ್ಲಿ ಹೊತ್ತು ಗಾದ್ರಮ್ಮನ ಹೊಲಕ್ಕೆ ಸುರಿದ. ಅವಳು ಬದುವಿನ ಮೇಲೆ ಕೂತು, “ಅಲ್ಲಲ್ಲ, ಸ್ವಲ್ಪ ಆಚೆ ಹಾಕಪ್ಪ,” ಅನ್ನೋಳು. ಗಂಟು ಕಟ್ಟಿದ್ದವರು ಗಂಟು ಬಿಚ್ಚಿದರು. ಊರವರೆಲ್ಲ ಸೇರಿ ಕೊರಕಲುಗಳಿಗೆ ಕಲ್ಲಿನ ಅಡ್ಡಗಟ್ಟೆ ಕಟ್ಟಿದರು, ಹೊಲಕ್ಕೆ ಬದು ಹಾಕಿದರು, ಗುಡ್ಡಕ್ಕೆ ಹುಲ್ಲು, ಬಂದರಿಕೆ, ತಂಗಡಿಯಂಥ ಕುರುಚಲು ಗಿಡ ಹಚ್ಚಿದರು. ರಾಣಿಯೂ ಸೆರಗು ಸಿಕ್ಕಿಸಿ ಕಲ್ಲು ಹೊತ್ತಳು. ಅಂಗೈಯಲ್ಲಿ ಬೊಬ್ಬೆ ಎದ್ದಾಗ ದೊರೆಯನ್ನು ಚೆನ್ನಾಗಿ ಬೈದಳು.

ಮಳೆಯೇನೂ ಸಾಧುವಾಗಲಿಲ್ಲ. ಆಕಾಶದ ಜ್ವರ ಇಳಿಯಬೇಕಾದರೆ ಐವತ್ತಾರು ದೇಶದ ಕುಲುಮೆಗಳೂ ತಣ್ಣಗಾಗಬೇಕು, ಅದು ಒಬ್ಬ ರಾಣಿಯ ಕೈಯಲ್ಲಿಲ್ಲ. ಮಳೆ ಅದೇ ರೋಷದಲ್ಲಿ ಬಂತು. ಆದರೆ ಹುಲ್ಲು ಅದರ ಕಾಲು ಹಿಡಿಯಿತು, ಕಲ್ಲು ಅಡ್ಡ ನಿಂತಿತು, ಹೊಲ ಹೊಟ್ಟೆ ತುಂಬ ಕುಡಿಯಿತು. ಕೆರೆಗೆ ತಡವಾಗಿ, ತಿಳಿಯಾಗಿ, ಅರ್ಧವೇ ನೀರು ಬಂತು. ದೊರೆ ಮುಖ ಸಣ್ಣ ಮಾಡಿದ. ಆದರೆ ಆ ಅರ್ಧ ಯುಗಾದಿ ದಾಟಿಯೂ ಉಳಿಯಿತು.

ಇದರ ನೀತಿ ಇಷ್ಟು, ಮಕ್ಕಳೇ: ಲಾಭಕ್ಕೆ ಗುಡ್ಡ ಬೋಳಿಸಿದವನೇ ಬಂದು ‘ಕೆರೆ ತುಂಬಿಸಿದೆ’ ಅಂದರೆ ನಂಬಬೇಡಿ. ಕೆಟ್ಟು ಬರುವ ಮಳೆಯನ್ನು ಬೈದು ಪ್ರಯೋಜನವಿಲ್ಲ. ಅದು ಬೀಳುವ ಜಾಗದಲ್ಲೇ ಅದಕ್ಕೆ ನಿಲ್ಲಲು ನೆಲೆ ಕೊಡಿ. ಮಣ್ಣು ಉಳಿದರೆ ಊರು ಉಳಿಯುತ್ತೆ.