ಪರಸ್ಥಾನಕ್ಕೆ ಹೋದ ಕಚೇರಿ

ನಮ್ಮ ಮನೆದೇವರಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ರೈಲಿನಲ್ಲಿ ಕೂತೇ ಕೆಲಸ ಮುಗಿಸುವ ವಿದ್ಯೆಯಲ್ಲಿ ನನ್ನಂಥವನು ಸುತ್ತಲಿನ ಮೂರು ಜಿಲ್ಲೆಯಲ್ಲಿಲ್ಲ. ಅವತ್ತು ಸಂಜೆಯೊಳಗೆ ಹೊಸ ಪಂಚಾಂಗದ ಪುಟಗಳನ್ನು ತಿದ್ದಿ ಅಚ್ಚಿಗೆ ಕಳಿಸಬೇಕಿತ್ತು. ತಪ್ಪಿದರೆ ಆ ಕೆಲಸ ಬೇರೆಯವರ ಪಾಲು. ನಾನು ಹೊರಡುವ ಹೊತ್ತಿಗೆ ರಾಹುಕಾಲ ಬೀಳುತ್ತಿತ್ತು. ಅದಕ್ಕೇ ಬೆಳಿಗ್ಗೆಯೇ ನನ್ನ ಬ್ಯಾಗನ್ನು ಪರಸ್ಥಾನವೆಂದು ಎದುರುಮನೆಯ ಜಗಲಿಯಲ್ಲಿ ಇಟ್ಟು ಬಂದೆ. ಸಾಮಾನು ಒಳ್ಳೆಯ ಗಳಿಗೆಯಲ್ಲಿ ಹೊಸ್ತಿಲು ದಾಟಿದರೆ ಪ್ರಯಾಣ ಶುರುವಾದ ಹಾಗೇ ತಾನೆ?

ಆ ಜಗಲಿಯಲ್ಲಿ ಒಂದು ಬಸವನಹುಳು ಹರಿಯುತ್ತಿತ್ತು.

"ಪಕ್ಕಕ್ಕೆ ಸರಿಯಯ್ಯಾ," ಎಂದಿತು ಬ್ಯಾಗು. "ನಾನು ಊರೂರು ತಿರುಗುವ ಕಚೇರಿ. ಲ್ಯಾಪ್‌ಟಾಪು, ಚಾರ್ಜರು, ಮೌಸು, ಎಕ್ಸ್‌ಟೆನ್ಷನ್ ಬಾಕ್ಸು, ಸೊಂಟಕ್ಕೊಂದು ದಿಂಬು, ಎಲ್ಲ ನನ್ನೊಳಗಿದೆ. ನಿನ್ನ ಬೆನ್ನ ಮೇಲೇನಿದೆ?"

"ಬರೀ ಮನೆ, ಸ್ವಾಮಿ. ತಮ್ಮನ್ನು ಹೊರುವವರು ಯಾರು?"

"ನಮ್ಮ ಯಜಮಾನರು. ಬಲು ಮುಂದಾಲೋಚನೆಯ ಮನುಷ್ಯ."

"ಈಗ ಕೈಬೀಸಿಕೊಂಡು ಬಂದು ಆಟೋ ಹತ್ತಿದರಲ್ಲ, ಅವರೇನಾ?"

ಬ್ಯಾಗು ಬಾಯಿ ಬಡಿದುಕೊಂಡಿತು. ಆಟೋ ಆಗಲೇ ತಿರುವು ದಾಟಿತ್ತು.

ಅತ್ತ ರೈಲಿನಲ್ಲಿ ನಾನು, ಹಗುರವಾಗಿ ಪ್ರಯಾಣ ಮಾಡುವುದು ಹೇಗೆಂದು ಎದುರು ಸೀಟಿನವರಿಗೆ ಪಾಠ ಹೇಳಿ, ಲ್ಯಾಪ್‌ಟಾಪಿಗೆ ಕೈಚಾಚಿದೆ. ಪಂಚಾಂಗ ಬೇರೆಯವರ ಪಾಲಾಯಿತು.

ಇತ್ತ ಬಸವನಹುಳು ಬ್ಯಾಗನ್ನು ಸಮಾಧಾನಪಡಿಸಿತು: "ಅಳಬೇಡಿ ಸ್ವಾಮಿ. ಒಳ್ಳೆಯ ಗಳಿಗೆಯಲ್ಲಿ ಹೊರಟವರು ನೀವು. ರಾಹುಕಾಲದಲ್ಲಿ ಹೊರಟದ್ದು ಯಜಮಾನರು."

ಇಷ್ಟೂ ನಿಜ. ಒಂದು ಸಣ್ಣ ಸಂಗತಿಯನ್ನು ಮಾತ್ರ ನಾನು ಕಟ್ಟಿದ್ದು: ಆ ಕೊನೆಯ ಮಾತು ಆಡಿದ್ದು ಬಸವನಹುಳುವಲ್ಲ, ನನ್ನ ಹೆಂಡತಿ.